ಅಂಗಾಲಿನಲ್ಲಿದ್ದ ಸೂಜಿ

ಅಸ್ತರಿನ ಬಟ್ಟೆಯ ಮೇಲೆ ಕಂದು ಕಲೆ ಕಂಡಾಗ ನನಗೆ ಮೊದಲು ಬಂದದ್ದು ಸಿಟ್ಟು. ಮದುವೆಯ ಬ್ಲೌಸಿಗೆಂದು ಕತ್ತರಿಸಿಟ್ಟಿದ್ದ ತಿಳಿಗುಲಾಬಿ ಅಸ್ತರು ಹೊಲಿಗೆ ಯಂತ್ರದ ಕೆಳಗೆ ಜಾರಿ ಬಿದ್ದಿತ್ತು. ಆರು ವರ್ಷದ ಮೊಮ್ಮಗ ಅಲ್ಲೇ ಆಡುತ್ತಿದ್ದ. ಚಾಕೊಲೇಟ್ ತಿಂದ ಕೈಯನ್ನು ಅದಕ್ಕೆ ಒರೆಸಿದ್ದಾನೆಂದು ಗದರಿಸಿದೆ. ಅವನು ಕಣ್ಣು ತುಂಬಿಕೊಂಡು, "ನಾನಲ್ಲ ಅಜ್ಜಿ, ನಿನ್ನ ಕಾಲು" ಎಂದ.

ಬಲಗಾಲನ್ನು ತೊಡೆಯ ಮೇಲೆ ತಿರುಗಿಸಿಟ್ಟುಕೊಂಡು ನೋಡಿದೆ. ಹೆಬ್ಬೆರಳಿನ ಬುಡದಲ್ಲಿ ವರ್ಷಗಳಿಂದ ಇದ್ದ ಗಟ್ಟಿ ಚರ್ಮ ಒಂದು ಕಡೆ ಸೀಳಿತ್ತು. ಅಲ್ಲಿಂದ ರಕ್ತ ಬೆರೆತ ನೀರು ಒಸರುತ್ತಿತ್ತು. ಬೆರಳಿನಿಂದ ಒತ್ತಿದೆ, ಇನ್ನಷ್ಟು ಒಸರಿತು. ಇಷ್ಟಾದರೂ ಸಾಸಿವೆ ಕಾಳಿನಷ್ಟು ನೋವಿಲ್ಲ. ಆ ಹೊತ್ತಿಗೆ ಅದು ನನಗೆ ಸಮಾಧಾನವನ್ನೇ ಕೊಟ್ಟಿತು. ನೋಯದ ಗಾಯ ಸಣ್ಣದು ಎಂದೇ ನಾವೆಲ್ಲ ತಿಳಿದಿದ್ದೇವಲ್ಲ.

ಕಲಬುರಗಿಯಲ್ಲಿ ಆಗ ಹೋಳಿ ಹುಣ್ಣಿಮೆ ಕಳೆದು ಶರಣಬಸವೇಶ್ವರರ ಜಾತ್ರೆ ಮುಗಿದಿತ್ತು. ಮದುವೆಯ ಹೊಲಿಗೆಗಳು ಗಂಟುಗಂಟಾಗಿ ಬಂದು ಬಿದ್ದಿದ್ದವು. ಮೂವತ್ತು ವರ್ಷಗಳಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ನಮ್ಮ ಮನೆಯವರು ಗಂಜ್‌ನ ದಾಲ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುತ್ತಾರೆ. ನನಗೆ ಸಕ್ಕರೆ ಕಾಯಿಲೆ ಇದೆ ಎಂದು ತಿಳಿದು ಆಗಲೇ ಹನ್ನೊಂದು ವರ್ಷವಾಗಿತ್ತು. ಮಾತ್ರೆ ತಪ್ಪಿಸಿದವಳಲ್ಲ. ಎರಡು ಮೂರು ತಿಂಗಳಿಗೊಮ್ಮೆ ರಕ್ತ ಕೊಟ್ಟು, ಚೀಟಿಯಲ್ಲಿನ ಅಂಕಿ ನೋಡಿ, ಡಾಕ್ಟರು ಬರೆದದ್ದನ್ನು ತಂದು ನುಂಗುತ್ತಿದ್ದೆ. ಕಣ್ಣನ್ನು ಒಮ್ಮೆ ತೋರಿಸಿದ್ದೆ. ಆದರೆ ಈ ಹನ್ನೊಂದು ವರ್ಷದಲ್ಲಿ ಒಬ್ಬರೂ "ಚಪ್ಪಲಿ ಬಿಟ್ಟು ಕಾಲು ಮೇಲಿಡಿ, ನೋಡೋಣ" ಎಂದಿರಲಿಲ್ಲ. ನಾನೂ ಕೇಳಿರಲಿಲ್ಲ. ಕೇಳಬೇಕೆಂದು ಗೊತ್ತಿದ್ದರೆ ತಾನೆ.

ಕಾಲು ಮಾತ್ರ ತನ್ನ ಕಡೆಯಿಂದ ಹೇಳುತ್ತಲೇ ಬಂದಿತ್ತು. ಐದಾರು ವರ್ಷದ ಹಿಂದೆ ರಾತ್ರಿ ಅಂಗಾಲು ಕೆಂಡ ತುಳಿದಂತೆ ಉರಿಯುತ್ತಿತ್ತು. ಜುಮುಜುಮು ಎಂದು ಇರುವೆ ಹರಿದಂತಾಗುತ್ತಿತ್ತು. ಹೊದಿಕೆ ಒದ್ದು, ಹಾಸಿಗೆಯಿಂದಿಳಿದು, ಶಹಾಬಾದ್ ಕಲ್ಲಿನ ನೆಲಕ್ಕೆ ಪಾದ ಒತ್ತಿಕೊಂಡು ಕೂತರೆ ಸ್ವಲ್ಪ ತಂಪೆನಿಸುತ್ತಿತ್ತು. ಬಿಸಿಲಿನ ದೋಷವೆಂದು ಅತ್ತೆ ಅಂಗಾಲಿಗೆ ಹರಳೆಣ್ಣೆ ತಿಕ್ಕುತ್ತಿದ್ದರು. ಮೂರು ವರ್ಷದ ಹಿಂದೆ ಆ ಉರಿ ತಾನಾಗಿಯೇ ಇಳಿಯಿತು. ವಾಸಿಯಾಯಿತೆಂದು ಹಿಗ್ಗಿ ಗುಡಿಗೆ ಹೋಗಿ ಕಾಯಿ ಒಡೆಸಿ ಬಂದೆ. ಉರಿಯುತ್ತಿದ್ದ ನರಗಳು ಪೂರ್ತಿ ಮರಗಟ್ಟಿದಾಗಲೂ ಉರಿ ಹೀಗೆಯೇ ನಿಲ್ಲುತ್ತದೆ ಎಂದು ಈಗ ತಿಳಿದಿದ್ದೇನೆ. ಆ ಕಾಯಿ ಒಡೆಸಿದ ದಿನ ನೆನಪಾದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಗಾಯ ಕಂಡ ಮೇಲೂ ಐದು ದಿನ ಕಳೆದೆ. ಅರಿಶಿನ ಮೆತ್ತಿದೆ. ಅದಕ್ಕೂ ತಿಂಗಳ ಹಿಂದೆ ಔಷಧ ಅಂಗಡಿಯಿಂದ ಆಣಿಗೆ ಅಂಟಿಸುವ ಪಟ್ಟಿ ತಂದು ಆ ಗಟ್ಟಿ ಚರ್ಮದ ಮೇಲೆ ಹಚ್ಚಿದ್ದೆ. ಆ ಪಟ್ಟಿಯಲ್ಲಿರುವುದು ಚರ್ಮವನ್ನು ಕರಗಿಸುವ ಆಮ್ಲ. ಸಕ್ಕರೆ ಕಾಯಿಲೆಯವರು ಅದನ್ನು ಮುಟ್ಟಲೇಬಾರದು, ಅದು ಒಳ್ಳೆಯ ಚರ್ಮವನ್ನೂ ಸುಟ್ಟುಬಿಡುತ್ತದೆ. ಅಂಗಡಿಯವನು ಕೇಳಲಿಲ್ಲ, ನಾನು ಹೇಳಲಿಲ್ಲ. ಮೂರನೆಯ ದಿನ ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋದೆ. ಮೇಲಿಂದ ಮುಲಾಮು ಹಚ್ಚಿ, ಬಿಳಿ ಪಟ್ಟಿ ಸುತ್ತಿ ಕಳಿಸಿದರು. ಪಟ್ಟಿ ಕಟ್ಟಿಕೊಂಡೇ ಬಂದು ಮತ್ತೆ ಯಂತ್ರ ತುಳಿದೆ.

ಐದನೆಯ ದಿನ ಬೆಳಿಗ್ಗೆ ಮಗಳು ಮೂಗು ಮುಚ್ಚಿಕೊಂಡು, "ಅವ್ವಾ, ಏನೋ ವಾಸನೆ" ಎಂದಳು. ಪಾದ ಊದಿ, ಕಾಲುಂಗುರ ಬೆರಳಿಗೆ ಕಚ್ಚಿ ಕೂತಿತ್ತು. ಅಂದೇ ದೊಡ್ಡ ದವಾಖಾನೆಗೆ ಕರೆದೊಯ್ದರು.

ಅಲ್ಲಿನ ಬೆಂಚಿನ ಮೇಲೆ ಎರಡು ತಾಸು ಕೂತದ್ದನ್ನು ನಾನು ಮರೆಯುವುದಿಲ್ಲ. ಪಕ್ಕದಲ್ಲಿ ಯಾದಗಿರಿ ಕಡೆಯ ರೈತರೊಬ್ಬರಿದ್ದರು. ತೊಗರಿ ಕೊಯ್ದ ಹೊಲದಲ್ಲಿ ನಡೆಯುವಾಗ ಈಟಿಯಂಥ ಕೂಳೆಯೊಂದು ಚಪ್ಪಲಿಯನ್ನು ತೂರಿ ಒಳಹೊಕ್ಕಿತ್ತಂತೆ. ಮನೆಗೆ ಬಂದು ಚಪ್ಪಲಿ ಬಿಡಲು ಹೋದಾಗ ಅದು ಕಾಲಿನಿಂದ ಬಿಡಲಿಲ್ಲ, ಆಗಲೇ ಗೊತ್ತಾದದ್ದು. ಅವರ ಎರಡು ಬೆರಳು ಹೋಗಿದ್ದವು. ಎದುರಿಗೆ ಕೂತಿದ್ದ ಹೆಣ್ಣುಮಗಳ ಕಾಲಿನಲ್ಲಿ ಗಾಯವೇ ಇರಲಿಲ್ಲ. ಆದರೆ ಒಂದು ಪಾದ ಮಾತ್ರ ಕೆಂಪಗೆ ಊದಿ, ಮುಟ್ಟಿದರೆ ಬಿಸಿಯಾಗಿತ್ತು. ಒಳಗೆ ಎಲುಬುಗಳು ಸದ್ದಿಲ್ಲದೆ ಮುರಿಯುತ್ತಿವೆ, ಕಾಲು ಊರಲೇಬೇಡ ಎಂದಿದ್ದಾರಂತೆ. ಮುರಿದ ಎಲುಬಿನ ಮೇಲೆ ಆಕೆ ಹದಿನೈದು ದಿನ ನಡೆದಾಡಿ ರೊಟ್ಟಿ ಬಡಿದಿದ್ದಳು.

ನನ್ನ ಸರದಿ ಬಂತು. ಡಾಕ್ಟರಮ್ಮ ಮೊದಲು ಎರಡೂ ಪಾದಗಳನ್ನು ಕೈಯಲ್ಲಿ ಹಿಡಿದು ನೋಡಿದರು. ಆ ಗಲೀಜು ಕಾಲನ್ನು ಯಾರಾದರೂ ಹಾಗೆ ಹಿಡಿಯುತ್ತಾರೆಂದು ನಾನು ಎಣಿಸಿರಲಿಲ್ಲ, ನಾಚಿಕೆಯಿಂದ ಎಳೆದುಕೊಳ್ಳಲು ಹೋದೆ. "ಇರಲಿ ಅಮ್ಮಾ" ಎಂದು ಅವರು ಜೇಬಿನಿಂದ ಪೆನ್ನಿನಂಥದ್ದೊಂದನ್ನು ತೆಗೆದರು. ಅದರ ತುದಿಯಲ್ಲಿ ಒಂದು ನೈಲಾನ್ ದಾರ.

ದಾರ ಎಂದರೆ ನನ್ನ ಅನ್ನ. ಕಣ್ಣು ಮುಚ್ಚಿ ಬೆರಳಲ್ಲಿ ಹೊಸೆದು ಹತ್ತಿಯೋ ಪಾಲಿಯೆಸ್ಟರೋ ಹೇಳಬಲ್ಲೆ. ಮೊದಲು ಅದನ್ನು ನನ್ನ ಮುಂಗೈಗೆ ತಾಗಿಸಿ, "ಹೀಗೆ ಅನ್ನಿಸಿದಾಗ ಹೂಂ ಅನ್ನಿ" ಎಂದರು. ಆಮೇಲೆ ಕಣ್ಣು ಮುಚ್ಚಿಸಿದರು. ನಾನು ಕಾದೆ. ಫ್ಯಾನಿನ ಸದ್ದು ಕೇಳುತ್ತಿತ್ತು. ಹಿಮ್ಮಡಿಯ ಹತ್ತಿರ ಎಲ್ಲೋ ಒಮ್ಮೆ ತಾಗಿದಂತಾಗಿ ಹೂಂ ಎಂದೆ. ಮತ್ತೆ ಕಾದೆ. ಕೊನೆಗೆ ತಡೆಯಲಾರದೆ ಕಣ್ಣು ಬಿಟ್ಟರೆ, ಆ ದಾರ ನನ್ನ ಹೆಬ್ಬೆರಳಿನ ಮೇಲೆ ಬಿಲ್ಲಿನಂತೆ ಬಾಗಿ ನಿಂತಿದೆ! ಹತ್ತು ಗ್ರಾಂ ಒತ್ತಡಕ್ಕೆ ಸರಿಯಾಗಿ ಬಾಗುವಂತೆ ಮಾಡಿದ ದಾರ ಅದು. ಅಷ್ಟು ಒತ್ತಡವೂ ತಿಳಿಯದ ಪಾದವನ್ನು ರಕ್ಷಣೆ ಇಲ್ಲದ ಪಾದ ಎಂದೇ ಎಣಿಸುತ್ತಾರೆ. ಕೈಯಲ್ಲಿ ನೂಲಿನ ಎಳೆ ಗುರುತಿಸುವ ನನಗೆ ಕಾಲಿನಲ್ಲಿ ಏನೂ ಇರಲಿಲ್ಲ. ಅಲ್ಲೇ ಅಳು ಬಂತು.

ಆಮೇಲೆ ಕಂಪನ ಕಡ್ಡಿ. ಸೆಕೆಂಡಿಗೆ 128 ಬಾರಿ ಅದುರುವ ಉಕ್ಕಿನ ಕವೆ ಅದು. ಕೈಯ ಗಿಣ್ಣಿಗೆ ಇಟ್ಟಾಗ ಝೇಂಕಾರ ಎಲುಬಿಗೆ ಇಳಿಯಿತು, ಕಾಲ ಬೆರಳಿಗೆ ಇಟ್ಟಾಗ ಬರೀ ತಣ್ಣನೆ ಕಬ್ಬಿಣ. ಪಾದದ ಮೇಲೆ ಮತ್ತು ಒಳಹರಡಿನ ಹಿಂದೆ ಬೆರಳಿಟ್ಟು ನಾಡಿ ಹುಡುಕಿದರು. ಕಾಲಿಗೂ ತೋಳಿಗೂ ಪಟ್ಟಿ ಸುತ್ತಿ ರಕ್ತದ ಒತ್ತಡ ಅಳೆದು ಒಂದರಿಂದ ಇನ್ನೊಂದನ್ನು ಭಾಗಿಸಿದರು. 0.9ಕ್ಕಿಂತ ಕಡಿಮೆ ಬಂದರೆ ಕಾಲಿಗೆ ರಕ್ತ ಹೋಗುವ ದಾರಿ ಕಿರಿದಾಗಿದೆ ಎಂದರ್ಥ. ನನ್ನದು ಒಂದರ ಹತ್ತಿರವಿತ್ತು. "ರಕ್ತ ಚೆನ್ನಾಗಿ ಹರಿಯುತ್ತಿದೆ, ಇದು ನಿಮ್ಮ ಪುಣ್ಯ. ಗಾಯ ಮಾಯಬಹುದು" ಎಂದರು. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಪರೀಕ್ಷೆಯಲ್ಲಿ ಮಾತ್ರ 9.8 ಬಂದಿತ್ತು. ಏಳರ ಆಸುಪಾಸು ಇರಬೇಕಿತ್ತು.

ಎಕ್ಸ್-ರೇ ತೆಗೆಸಲು ಕಳಿಸಿದರು. ಆ ಕಪ್ಪು ಹಾಳೆಯಲ್ಲಿ ನನ್ನ ಪಾದದ ಎಲುಬುಗಳ ನಡುವೆ ಅಕ್ಕಿ ಕಾಳಿಗಿಂತ ತುಸು ಉದ್ದದ, ಬೆಳ್ಳಗೆ ಹೊಳೆಯುವ ಒಂದು ಗೆರೆ. ಡಾಕ್ಟರಮ್ಮ ಏನೆಂದು ಹೇಳುವ ಮೊದಲೇ ನನಗೆ ಗೊತ್ತಾಯಿತು. ಹದಿನಾರು ನಂಬರಿನ ಸೂಜಿಯ ಮೊನೆ. ಎರಡು ತಿಂಗಳ ಹಿಂದೆ ದಪ್ಪ ಜರಿಯಂಚು ಹೊಲಿಯುವಾಗ ಪಟ್ಟನೆ ಮುರಿದಿತ್ತು. ಒಂದು ತುಂಡು ಸಿಕ್ಕಿತ್ತು, ಮೊನೆ ಸಿಕ್ಕಿರಲಿಲ್ಲ. ನಾನು ಬರಿಗಾಲಿನಲ್ಲೇ ಯಂತ್ರ ತುಳಿಯುವವಳು. ಅಷ್ಟು ದಿನ ಅದರ ಮೇಲೆ ನಿಂತಿದ್ದೆ, ನಡೆದಿದ್ದೆ, ದಿನಕ್ಕೆ ಎಂಟು ತಾಸು ತುಳಿದಿದ್ದೆ.

ಮರಗಟ್ಟುವ ಸೂಜಿಮದ್ದು ಕೊಟ್ಟು ಅದನ್ನು ತೆಗೆದರು. ಗಟ್ಟಿ ಚರ್ಮವನ್ನು ಚೂರಿಯಿಂದ ಪದರ ಪದರವಾಗಿ ಕೆತ್ತಿದಾಗ ಕೆಳಗೆ ಕಡಲೆಕಾಳಿನಷ್ಟು ಕುಳಿ ಕಂಡಿತು. ಮೊಂಡು ಕಡ್ಡಿಯೊಂದನ್ನು ಮೆಲ್ಲಗೆ ಇಳಿಸಿ ಎಲುಬಿಗೆ ತಾಗುತ್ತದೆಯೇ ಎಂದು ನೋಡಿದರು, ತಾಗಲಿಲ್ಲ. ತಾಗಿದ್ದರೆ ಸೋಂಕು ಎಲುಬಿಗೆ ಇಳಿದಿರುವ ಸಂಭವ ಹೆಚ್ಚು, ಚಿಕಿತ್ಸೆಯೇ ಬೇರೆಯಾಗುತ್ತಿತ್ತು. ಸೂಜಿ ಹೊಕ್ಕದ್ದು ಒಂದು ಅಪಘಾತ, ಆದರೆ ಈ ಕುಳಿಗೆ ಜಾಗ ಸಿದ್ಧವಾದದ್ದು ಬಹಳ ಹಿಂದೆ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ಯಂತ್ರದ ಕಬ್ಬಿಣದ ತುಳಿಹಲಗೆ ಪಾದದ ಅದೇ ಜಾಗಕ್ಕೆ ಮತ್ತೆ ಮತ್ತೆ ಒತ್ತಿದೆ. ಚರ್ಮ ತನ್ನನ್ನು ಕಾಪಾಡಿಕೊಳ್ಳಲು ಗಟ್ಟಿಯಾಗಿದೆ. ಗಟ್ಟಿಯಾದದ್ದೇ ಚಪ್ಪಲಿಯೊಳಗಿನ ಕಲ್ಲಿನಂತಾಗಿ ಒಳಗಿನ ಮೆದು ಮಾಂಸವನ್ನು ಜಜ್ಜಿದೆ. ನರ ಸತ್ತಾಗ ಬೆವರೂ ನಿಲ್ಲುವುದರಿಂದ ಚರ್ಮ ಒಣಗಿ ಬಿರಿಯುತ್ತದೆ. ನೋವಿದ್ದವರು ತಮಗೇ ಅರಿವಿಲ್ಲದೆ ಕಾಲು ಸರಿಸುತ್ತಾರೆ, ಕುಂಟುತ್ತಾರೆ, ಆ ಜಾಗಕ್ಕೆ ವಿಶ್ರಾಂತಿ ಸಿಗುತ್ತದೆ. ನನ್ನಂಥವರು ನೆಟ್ಟಗೆ ನಡೆಯುತ್ತೇವೆ.

ಇದನ್ನು ಮೊದಲು ಜಗತ್ತಿಗೆ ಬಿಡಿಸಿ ತೋರಿಸಿದವರಲ್ಲಿ ಪಾಲ್ ಬ್ರ್ಯಾಂಡ್ ಎಂಬ ವೈದ್ಯರೊಬ್ಬರಿದ್ದರು, ಅವರು 1946ರಲ್ಲಿ ವೆಲ್ಲೂರಿಗೆ ಬಂದವರು ಎಂದೂ ಹೇಳಿದರು. ಕುಷ್ಠರೋಗಿಗಳ ಕೈಕಾಲು ತಾವಾಗಿ ಕೊಳೆತು ಬೀಳುವುದಿಲ್ಲ, ನೋವು ತಿಳಿಯದೆ ದಿನವೂ ಆಗುವ ಗಾಯಗಳಿಂದ ಹಾಳಾಗುತ್ತವೆ ಎಂದು ಕಂಡುಕೊಂಡವರು. ಮುಂದೆ ನನ್ನ ಕಾಲಿಗೆ ಹಾಕಿದ ಪ್ಲಾಸ್ಟರನ್ನೂ ಅವರು ಕುಷ್ಠರೋಗಿಗಳ ಹುಣ್ಣು ಮಾಯಿಸಲು ಬಳಸಿದ್ದರಂತೆ.

ಆ ದಿನ ಕಷ್ಟವಾದದ್ದು ಸೂಜಿ ತೆಗೆಯುವುದಲ್ಲ, ಕಾಲುಂಗುರ ತೆಗೆಯುವುದು. ಊತದಲ್ಲಿ ಅದು ಚರ್ಮವನ್ನು ಕೊರೆಯುತ್ತಿತ್ತು. ಬೆರಳಿಗೆ ಹೋಗುವ ರಕ್ತವನ್ನೇ ತಡೆಯುತ್ತದೆ, ಎರಡೂ ಕಾಲಿನವನ್ನು ತೆಗೆಯಿರಿ ಎಂದರು. ಗಂಡ ಎದುರಿಗೇ ನಿಂತಿರುವಾಗ ಮೂವತ್ತಾರು ವರ್ಷದ ಕಾಲುಂಗುರ ಹೇಗೆ ತೆಗೆಯಲಿ? ನಾನು ಅತ್ತೆಯ ಮುಖ ನೋಡಿದೆ. ಅವರು ಬೇರೆ ಏನೂ ಹೇಳದೆ ನರ್ಸಿನ ಕೈಯಿಂದ ಸೋಪಿನ ನೀರು ತೆಗೆದುಕೊಂಡು ತಾವೇ ಬಗ್ಗಿ, ತಿರುಗಿಸಿ ತಿರುಗಿಸಿ ಬಿಡಿಸಿದರು. "ಕಾಲಿದ್ದರೆ ತಾನೆ ಕಾಲುಂಗುರ" ಎಂದು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಎಂಬತ್ತು ದಾಟಿದ ಹೆಂಗಸು. ಉಂಗುರವಿದ್ದ ಜಾಗದಲ್ಲಿ ಸುತ್ತಲೂ ಬಿಳುಚಿದ ಗೆರೆ, ಕೆಳಗಡೆ ಸಣ್ಣ ಸೀಳು. ಅದೂ ನನಗೆ ತಿಳಿದಿರಲಿಲ್ಲ.

ಹತ್ತು ದಿನ ಔಷಧ ನಡೆದು ಕೀವು ನಿಂತ ಮೇಲೆ ಮೊಣಕಾಲ ಕೆಳಗಿನವರೆಗೆ ಪ್ಲಾಸ್ಟರು ಹಾಕಿದರು. ಒಂದೇ ಚುಕ್ಕೆಯ ಮೇಲೆ ಬೀಳುವ ಭಾರವನ್ನು ಇಡೀ ಪಾದಕ್ಕೂ ಕಾಲಿಗೂ ಹಂಚುವುದು ಇದರ ಕೆಲಸ. ಬಿಚ್ಚಿಡುವ ಬೂಟು ಕೊಟ್ಟರೆ ಜನ ಮನೆಯಲ್ಲಿ ಬಿಚ್ಚಿಟ್ಟು ಓಡಾಡುತ್ತಾರೆ, ಅದಕ್ಕೇ ಬಿಚ್ಚಲಾಗದ್ದು ಎಂದರು. ನನ್ನ ಗುಣ ಅವರಿಗೆ ಗೊತ್ತಾಗಿತ್ತು. ಚೈತ್ರ ವೈಶಾಖದ ಕಲಬುರಗಿ, ನಲವತ್ತು ದಾಟಿದ ಬಿಸಿಲು, ಕಾಲಿಗೆ ಆ ಕವಚ. ಜ್ವರ ಬಂದರೆ, ಪ್ಲಾಸ್ಟರು ಒದ್ದೆಯಾದರೆ, ವಾಸನೆ ಬಂದರೆ, ರಾತ್ರಿಯಾದರೂ ಸರಿ ಬರಬೇಕು ಎಂಬ ಎಚ್ಚರಿಕೆ ಬೇರೆ. ಮೊದಲ ಪ್ಲಾಸ್ಟರನ್ನು ಮೂರನೇ ದಿನ ಬದಲಿಸಿದರು, ಆಮೇಲೆ ವಾರಕ್ಕೊಮ್ಮೆ. ಪ್ರತಿ ಸಲ ಗಾಯದ ಮೇಲೆ ಪಾರದರ್ಶಕ ಹಾಳೆ ಇಟ್ಟು ಪೆನ್ನಿನಿಂದ ಅಂಚು ಬರೆಯುತ್ತಿದ್ದರು. ಕಡಲೆ, ಹೆಸರುಕಾಳು, ಸಾಸಿವೆ. ಆರನೇ ವಾರದ ಹಾಳೆಯ ಮೇಲೆ ಬರೆಯಲು ಏನೂ ಇರಲಿಲ್ಲ. ಮದುವೆ ಹೊಲಿಗೆಗಳನ್ನೆಲ್ಲ ತಂಗಿಗೆ ಒಪ್ಪಿಸಿದ್ದೆ. ಆ ವರ್ಷದ ಗಳಿಕೆ ಹೋಯಿತು, ಹೋಗಲಿ.

ಮುಚ್ಚಿದ ಗಾಯ ಮತ್ತೆ ತೆರೆಯುವುದು ಬಹಳ ಸುಲಭವಂತೆ. ಅದಕ್ಕೇ ಚಪ್ಪಲಿಯ ಕೆಲಸಕ್ಕೆ ನಾನು ಹೆಚ್ಚು ಗಮನ ಕೊಟ್ಟೆ. ಅಳತೆಯ ಕೋಣೆಯಲ್ಲಿ ಶಾಯಿ ಬಳಿದ ರಬ್ಬರ್ ಹಾಳೆಯ ಮೇಲೆ ಹೆಜ್ಜೆ ಇಡಿಸಿದರು. ಕಾಗದದ ಮೇಲೆ ನನ್ನ ಪಾದ ಚೌಕುಳಿ ಗೆರೆಗಳಲ್ಲಿ ಮೂಡಿತು. ಭಾರ ಹೆಚ್ಚು ಬೀಳುವಲ್ಲಿ ಕಡು ಕಪ್ಪು, ಕಡಿಮೆ ಇರುವಲ್ಲಿ ತೆಳು ಬೂದು. ಹೆಬ್ಬೆರಳಿನ ಬುಡ ಮಸಿ ಚೆಲ್ಲಿದಂತಿತ್ತು. ಬ್ಲೌಸ್ ಕಟ್ಟಿಂಗ್‌ನ ಕಾಗದ ಓದಿದಷ್ಟೇ ಸಲೀಸಾಗಿ ನಾನು ಅದನ್ನು ಓದಿದೆ. ಎಲ್ಲಿ ಬಿಗಿ ಇದೆಯೋ ಅಲ್ಲಿ ಹೊಲಿಗೆ ಬಿಚ್ಚುತ್ತದೆ, ಅಲ್ಲಿ ಸಡಿಲ ಕೊಡಬೇಕು. ಚಪ್ಪಲಿ ಮಾಡುವ ಹುಡುಗನಿಗೆ ಹಾಗೆಂದೆ. "ಸರಿಯಾಗಿ ಹೇಳಿದಿರಿ ಅಕ್ಕಾ" ಎಂದು ಅವನು ಒಳಹಾಸಿನಲ್ಲಿ ಆ ಜಾಗವನ್ನು ತಗ್ಗಿಸಿ ಕೊಟ್ಟ. ಎಂ.ಸಿ.ಆರ್. ಎನ್ನುವ ಮೆದು ರಬ್ಬರಿನ ಒಳಹಾಸು, ಮೊಳೆ ತೂರದ ಗಟ್ಟಿ ಅಟ್ಟೆ, ಹಿಮ್ಮಡಿಗೆ ಪಟ್ಟಿ. ಬೆರಳ ಸಂದಿಗೆ ಸಿಕ್ಕಿಸುವ ಪಟ್ಟಿ ಇಲ್ಲ, ಒಂದು ಮೊಳೆಯೂ ಇಲ್ಲ. ಎರಡು ಡಿಸೈನ್ ಬ್ಲೌಸ್ ಹೊಲಿದ ದುಡ್ಡಾಯಿತು. ಮೊದಲ ದಿನ ಅರ್ಧ ತಾಸು ಮಾತ್ರ ಹಾಕಿ, ಬಿಚ್ಚಿ, ಎಲ್ಲಾದರೂ ಕೆಂಪಾಗಿದೆಯೇ ನೋಡಿ, ದಿನಕ್ಕಿಷ್ಟು ಹೆಚ್ಚಿಸುತ್ತ ಹೋಗಬೇಕು.

ಮನೆಯೊಳಗೂ ಚಪ್ಪಲಿ ಹಾಕಬೇಕೆಂಬುದು ದೊಡ್ಡ ಮಾತಾಯಿತು. ಅಡುಗೆ ಮನೆಗೆ, ದೇವರ ಮುಂದೆ ಚಪ್ಪಲಿಯೇ? ಹೊರಗೆ ಒಮ್ಮೆಯೂ ಇಳಿಯದ ಇನ್ನೊಂದು ಜೋಡಿ ಮಾಡಿಸಿಕೊಂಡೆ. ಅದನ್ನು ಅತ್ತೆಯೇ ದಿನ ಬಿಟ್ಟು ದಿನ ಒದ್ದೆ ಬಟ್ಟೆಯಲ್ಲಿ ಒರೆಸಿಡುತ್ತಾರೆ. ಗುಡಿಗೆ ಹೋಗುವುದು ಬಿಟ್ಟಿಲ್ಲ. ಮಧ್ಯಾಹ್ನದ ಕಾದ ಕಲ್ಲಿನ ಮೇಲೆ ಹೋಗುವುದನ್ನು ಬಿಟ್ಟಿದ್ದೇನೆ. ಗಾಣಗಾಪುರಕ್ಕೆ ಹೋದರೂ ಬೆಳಗಿನ ಜಾವವೇ ಪ್ರದಕ್ಷಿಣೆ, ದಪ್ಪ ಹತ್ತಿಯ ಕಾಲುಚೀಲ ಹಾಕಿಕೊಂಡು. ಮಾಳಿಗೆಯ ಮೇಲೆ ಸಂಡಿಗೆ ಹಾಕಲು ಬರಿಗಾಲಿನಲ್ಲಿ ಏರಿ ಅಂಗಾಲಿನಲ್ಲಿ ಬೊಬ್ಬೆ ಎಬ್ಬಿಸಿಕೊಂಡವರನ್ನು ಆ ಬೆಂಚಿನ ಮೇಲೆ ನೋಡಿದ್ದೇನೆ.

ಈಗ ರಾತ್ರಿ ಊಟವಾದ ಮೇಲೆ ನನ್ನ ಕಾಲಿನ ಹೊತ್ತು. ಉಗುರು ಬೆಚ್ಚಗಿನ ನೀರು, ಬಿಸಿಯನ್ನು ಮಗಳು ಮುಟ್ಟಿ ನೋಡಿದ ಮೇಲೆಯೇ ಕಾಲಿಡುವುದು. ನೆನೆಸಿಡುವುದಿಲ್ಲ, ತೊಳೆದು ಬೆರಳ ಸಂದು ಒಂದೊಂದನ್ನೂ ಹಳೆಯ ಮಲ್ ಬಟ್ಟೆಯಿಂದ ಒರೆಸುತ್ತೇನೆ. ಅಂಗಾಲಿಗೆ, ಹಿಮ್ಮಡಿಗೆ ಕೊಬ್ಬರಿ ಎಣ್ಣೆ. ಸಂದಿಗೆ ಹಚ್ಚುವುದಿಲ್ಲ, ಅಲ್ಲಿ ತೇವ ನಿಂತರೆ ಬೂಸು ಹಿಡಿಯುತ್ತದೆ. ಉಗುರನ್ನು ನೇರವಾಗಿ ಕತ್ತರಿಸುವುದು, ಮೂಲೆ ಕೊರೆಯುವುದಿಲ್ಲ. ಗಿರಾಕಿಗಳಿಗೆಂದು ಇಟ್ಟಿದ್ದ ಕೈಗನ್ನಡಿಯನ್ನು ನೆಲದ ಮೇಲಿಟ್ಟು ಅಂಗಾಲು ನೋಡಿಕೊಳ್ಳುತ್ತೇನೆ. ನನಗೆ ಸರಿ ಕಾಣದಿದ್ದರೆ ಮೊಮ್ಮಗನ ಕಣ್ಣುಗಳಿವೆ. ಚಪ್ಪಲಿಯನ್ನು ತಲೆಕೆಳಗು ಮಾಡಿ ಕೊಡವದೆ ಹಾಕುವುದಿಲ್ಲ. ಒಂದು ದಿನ ಬ್ಲೌಸಿನ ಹುಕ್ಕು ಉದುರಿತು, ಇನ್ನೊಂದು ದಿನ ತೊಗರಿ ಕಾಳು. ಯಂತ್ರಕ್ಕೆ ಮೋಟಾರು ಹಾಕಿಸಿದ್ದೇನೆ, ಈಗ ಎಡಗಾಲಿನಿಂದ ಮೆಲ್ಲಗೆ ಒತ್ತಿದರೆ ಸಾಕು. ಕೋಲಿನ ತುದಿಗೆ ಅಯಸ್ಕಾಂತ ಕಟ್ಟಿ ದಿನವೂ ಅಂಗಡಿ ಮುಚ್ಚುವ ಮುನ್ನ ನೆಲವನ್ನೆಲ್ಲ ಸವರುತ್ತೇನೆ. ಸೂಜಿ ಮುರಿದರೆ ಎಲ್ಲ ತುಂಡೂ ಸಿಗುವವರೆಗೆ ಮುಂದಿನ ಹೊಲಿಗೆ ಇಲ್ಲ. ಮೂರು ತಿಂಗಳಿಗೊಮ್ಮೆ ಹೋಗಿ ಗಟ್ಟಿ ಚರ್ಮ ಕೆತ್ತಿಸಿಕೊಂಡು ಬರುತ್ತೇನೆ. ಸಕ್ಕರೆಯ ಸರಾಸರಿ 7.4ಕ್ಕೆ ಇಳಿದಿದೆ.

ದವಾಖಾನೆಯಲ್ಲಿ ನರ್ಸ್ ಒಬ್ಬರು ನನಗೆ ಇನ್ನೊಂದು ಪರೀಕ್ಷೆ ಕಲಿಸಿದರು. ಇಂಗ್ಲೆಂಡಿನ ಇಪ್ಸ್‌ವಿಚ್ ಎಂಬ ಊರಿನ ಹೆಸರಿನಲ್ಲಿ ಅದನ್ನು ಕರೆಯುತ್ತಾರೆ. ಅದಕ್ಕೆ ನೈಲಾನ್ ದಾರವೂ ಬೇಡ. ಪರೀಕ್ಷೆ ಮಾಡಿಸಿಕೊಳ್ಳುವವರು ಕಣ್ಣು ಮುಚ್ಚಿಕೊಳ್ಳಬೇಕು, ನಾವು ತೋರುಬೆರಳಿನಿಂದ ಅವರ ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಬೇಕು. ಒತ್ತಬಾರದು, ಸವರಬಾರದು. ಆರರಲ್ಲಿ ಎರಡು ಅಥವಾ ಹೆಚ್ಚು ತಿಳಿಯದಿದ್ದರೆ ಡಾಕ್ಟರಿಗೆ ತೋರಿಸಬೇಕು. ಬ್ಲೌಸಿನ ಅಳತೆ ಕೊಡಲು ಬರುವವರಲ್ಲಿ ಸಕ್ಕರೆ ಕಾಯಿಲೆ ಇದೆ ಎಂದವರನ್ನು ನಾನು ಬಿಡುವುದಿಲ್ಲ. ಟೇಪು ಕೊರಳಿಗೆ ಹಾಕಿಕೊಂಡು ಸ್ಟೂಲಿನ ಮೇಲೆ ಕೂಡಿಸಿ ಚಪ್ಪಲಿ ಬಿಡಿಸುತ್ತೇನೆ. ಕೆಲವರು ಸಂಕೋಚಪಡುತ್ತಾರೆ, ಹಿರಿಯರ ಕೈಯಿಂದ ಕಾಲು ಮುಟ್ಟಿಸಿಕೊಳ್ಳುವುದೇ ಎಂದು. ಮುಟ್ಟಲು ಬಿಡಿ ಎಂದು ಬೇಡಿಕೊಳ್ಳುತ್ತೇನೆ.

ಮೊನ್ನೆ ಬ್ರಹ್ಮಪುರದ ಕಡೆಯಿಂದ ಒಬ್ಬಾಕೆ ಬಂದಿದ್ದಳು. ಇನ್ನೂ ನಲವತ್ತೆಂಟು, ಸಕ್ಕರೆ ಕಾಯಿಲೆ ಎಂಟು ವರ್ಷದ್ದು, ಅಂಗಾಲಿನ ಉರಿ ಈಗ ಪೂರ್ತಿ ಕಡಿಮೆಯಾಗಿದೆ ಎಂದು ಸಂತೋಷದಿಂದ ಹೇಳಿದಳು. ನನ್ನ ಕೈ ನಿಂತಿತು. ಕೂಡಿಸಿದೆ. ಕಣ್ಣು ಮುಚ್ಚಿದಳು. ಬಲಗಾಲಿನ ಮೂರು ಬೆರಳು ಮುಟ್ಟಿ ಎಡಗಾಲಿಗೆ ಬಂದಿದ್ದೆ.

"ಯಾವಾಗ ಶುರು ಮಾಡುತ್ತೀರಿ ಅಕ್ಕಾ?" ಎಂದು ಕೇಳಿದಳು.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಸೂಪರ್ ಮಾರ್ಕೆಟ್ ಹತ್ತಿರ ಸೇರುವುದೆಂದು ಮಾತಾಗಿದೆ. ಆಕೆಯ ಜೊತೆ ನಾನೂ ಹೋಗುತ್ತೇನೆ. ಬ್ಲೌಸು ಮಂಗಳವಾರ ಕೊಟ್ಟರೂ ನಡೆಯುತ್ತದಂತೆ.